ಕಾಯುವವರಿರುವ ಕಡೆ

“ಈ ಸಲಾನೂ ಇಸ್ಕೂಲ್ ಕಾಂಪೌಂಡಿಗೆ ಸುಣ್ಣ ಹೊಡಿಯೋದೇಯಾ ಸಾ? ಹೋದೊರ್ಸ ಬಂದಿದ್ವಲ್ಲ ಹೈಕ್ಳು, ಅವು ಹೊಡ್ದಿದ್ದೇ ಇನ್ನೂ ಬೆಳ್ಳಗದೆ.”

ಮಂಡ್ಯ ಸೀಮೆಯ ಒಂದು ಊರಿನ ಅರಳಿಕಟ್ಟೆಯ ಮೇಲೆ ಕೂತಿದ್ದ ಯಜಮಾನರು ಹೀಗೆ ಕೇಳಿದಾಗ ನಾನು ಐವತ್ತು ವಿದ್ಯಾರ್ಥಿಗಳನ್ನು ಬೆನ್ನಿಗಿಟ್ಟುಕೊಂಡು ನಿಂತಿದ್ದೆ. ಟೆಂಪೊದಲ್ಲಿ ಗುದ್ದಲಿ, ಪಿಕಾಸಿ, ಬಾಣಲಿ, ಅಡುಗೆಯ ಹಂಡೆ, ಬ್ಯಾನರು, ಜೊತೆಗೆ ಎರಡು ಮೂಟೆ ಸುಣ್ಣ. ಏಳು ದಿನದ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ವಿಶೇಷ ಶಿಬಿರದ ಮೊದಲ ಬೆಳಗು ಅದು. ಆತ ಕೊಂಕು ತೆಗೆಯುತ್ತಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದರು. ನಾನು ಏನೋ ಗೊಣಗಿ ನಕ್ಕೆ. ಸುಣ್ಣ ಹೊಡೆದೆವು. ಕಾಂಪೌಂಡು ಇನ್ನೊಂದು ಸುತ್ತು ಬೆಳ್ಳಗಾಯಿತು.

ಪದವಿ ಕಾಲೇಜಿನಲ್ಲಿ ಪಾಠ ಹೇಳುತ್ತ ಕೆಲವು ವರ್ಷ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯಾಗಿದ್ದವನು ನಾನು. ಅಷ್ಟೂ ವರ್ಷ ಜೂನ್–ಜುಲೈಯಲ್ಲಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಪ್ರಶ್ನೆ ಒಂದೇ: “ಸರ್, ಯಾವುದಕ್ಕೆ ಸೇರಿದರೆ ಒಳ್ಳೇದು? ಎನ್‌ಎಸ್‌ಎಸ್ಸಾ, ರೆಡ್ ಕ್ರಾಸಾ, ಆ ಎನ್‌ಜಿಒದಾ?” ಅದರ ಹಿಂದೆಯೇ ಇನ್ನೊಂದು, ಸ್ವಲ್ಪ ತಗ್ಗಿದ ದನಿಯಲ್ಲಿ: “ಸರ್ಟಿಫಿಕೇಟ್ ಕೊಡ್ತಾರಾ ಸರ್?” ಮೊದಲನೆಯದಕ್ಕೆ ನಾನು ಕೊಟ್ಟ ಉತ್ತರಗಳೆಲ್ಲ ಈಗ ನೆನೆದರೆ ಮುಜುಗರವಾಗುತ್ತದೆ. ನಮ್ಮ ಘಟಕಕ್ಕೆ ನೂರು ಹೆಸರು ತುಂಬಬೇಕಿತ್ತು, ಹಾಗಾಗಿ “ಎನ್‌ಎಸ್‌ಎಸ್” ಅನ್ನುತ್ತಿದ್ದೆ. ಯಾವ ಕೆಲಸ, ಯಾರಿಗೆ, ಎಷ್ಟು ದಿನ ಎಂದು ಆ ಮಕ್ಕಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾಲೇಜು ಹುಡುಗರು ಸೇವೆಯನ್ನು ಆರಿಸಿಕೊಳ್ಳುವ ನಮ್ಮ ರೂಢಿಯ ಮೇಲೆ ನನಗಿರುವ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಅಲ್ಲಿ ಸಂಸ್ಥೆಯ ಆಯ್ಕೆ ಇದೆ, ಕೆಲಸದ ಆಯ್ಕೆ ಇಲ್ಲ.

ಎನ್‌ಎಸ್‌ಎಸ್ ಅನ್ನು ಕಟ್ಟಿದವರು ಹೀಗೆ ಯೋಚಿಸಿರಲಿಲ್ಲ ಎನ್ನುವುದನ್ನು ಮೊದಲು ಒಪ್ಪಿಕೊಳ್ಳಬೇಕು. ವಿದ್ಯಾರ್ಥಿಗಳ ಸೇವೆ ಸ್ವಯಂಪ್ರೇರಿತವಾಗಿರಬೇಕೋ ಕಡ್ಡಾಯವಾಗಬೇಕೋ ಎಂಬ ಚರ್ಚೆ ಈ ದೇಶದಲ್ಲಿ ಇಪ್ಪತ್ತು ವರ್ಷ ನಡೆದಿತ್ತು. ರಾಧಾಕೃಷ್ಣನ್ ಆಯೋಗ ಸ್ವಇಚ್ಛೆಯ ಕಡೆ ವಾಲಿತ್ತು. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿ ಕಡ್ಡಾಯವೇ ಸರಿ ಅಂದಿತು. ಬೇರೆ ಬೇರೆ ದೇಶಗಳ ಅನುಭವ ನೋಡಿಬಂದ ಶಿಕ್ಷಣತಜ್ಞ ಕೆ.ಜಿ. ಸೈಯದೈನ್ ಮತ್ತೆ ಸ್ವಇಚ್ಛೆಗೆ ತಂದು ನಿಲ್ಲಿಸಿದರು. ನಡುವೆ ಚೀನಾ ಯುದ್ಧದ ಬಿಸಿಯಲ್ಲಿ 1963ರಿಂದ ಎನ್‌ಸಿಸಿ ಕಡ್ಡಾಯವಾಗಿ, ಐದೇ ವರ್ಷಕ್ಕೆ, 1968ರಲ್ಲಿ, ಸಡಿಲವಾಯಿತು. ಗಾಂಧಿ ಶತಮಾನೋತ್ಸವದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದಿದ್ದವರು, ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದವರು. ಅರ್ಥಶಾಸ್ತ್ರಜ್ಞರ ಕೈಯಿಂದ ಬಂದ ಯೋಜನೆಯಲ್ಲಿ ಬೇಡಿಕೆ ಎಲ್ಲಿದೆ, ಪೂರೈಕೆ ಎಲ್ಲಿದೆ ಎಂಬ ಲೆಕ್ಕವೇ ಕಾಲಕ್ರಮದಲ್ಲಿ ಸೋರಿಹೋದದ್ದು ವಿಚಿತ್ರ.

ಉಳಿದದ್ದು ಗಂಟೆಗಳ ಲೆಕ್ಕ. ವರ್ಷಕ್ಕೆ 120, ಎರಡು ವರ್ಷಕ್ಕೆ 240, ಜೊತೆಗೊಂದು ವಿಶೇಷ ಶಿಬಿರ, ಕೊನೆಗೆ ಪ್ರಮಾಣಪತ್ರ. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಕೋನಾರ್ಕದ ರಥಚಕ್ರ, ಅದರ ಎಂಟು ಕಡ್ಡಿಗಳು ದಿನದ 24 ಗಂಟೆಯ ಸಂಕೇತ. ಎಂಟು ಜಾವವೂ ಸೇವೆಗೆ ಸಿದ್ಧ ಎಂದು ಬ್ಯಾಡ್ಜು ಸಾರುತ್ತಿರುವಾಗ ಡೈರಿಯಲ್ಲಿ ಹುಡುಗ ಬರೆದಿರುತ್ತಾನೆ: “ಕ್ಯಾಂಪಸ್ ಸ್ವಚ್ಛತೆ, 3 ಗಂಟೆ.” ಹದಿನೈದು ನಿಮಿಷ ಕಾಗದ ಆಯ್ದದ್ದು ನನಗೂ ಗೊತ್ತು, ಅವನಿಗೂ ಗೊತ್ತು. ಸಹಿ ಹಾಕಿದ್ದೇನೆ.

ಎಂಜಿನಿಯರಿಂಗ್ ಕಡೆ ಈ ಲೆಕ್ಕ ಇನ್ನೂ ಬಿಗಿ. ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ತಂದ ಚಟುವಟಿಕೆ ಅಂಕಗಳ ಪದ್ಧತಿಯಂತೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವಿದ್ಯಾರ್ಥಿ ನಾಲ್ಕು ವರ್ಷದಲ್ಲಿ 100 ಅಂಕ ಸಂಪಾದಿಸಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವನಿಗೆ 75. ಅದಿಲ್ಲದೆ ಪದವಿ ಕೈಸೇರುವುದಿಲ್ಲ. ಉದ್ದೇಶ ಒಳ್ಳೆಯದೇ, ಹಳ್ಳಿಯ ನೀರು, ಕಸ, ಶಾಲೆಗಳ ಕಡೆ ಒಂದಿಷ್ಟು ಕಣ್ಣು ಹಾಯಲಿ ಅಂತ. ಆದರೆ ಏಳನೇ ಸೆಮಿಸ್ಟರಿನಲ್ಲಿ ಇನ್ನೂ ನಲವತ್ತು ಅಂಕ ಬಾಕಿ ಇರುವ ಹುಡುಗ ಆರಿಸಿಕೊಳ್ಳುವ ಸೇವೆ ಹೇಗಿರುತ್ತದೆಂದು ಊಹಿಸಲು ಬಹಳ ಬುದ್ಧಿ ಬೇಡ. ಬೇಗ ಮುಗಿಯುವಂಥದ್ದು, ಫೋಟೊ ಬರುವಂಥದ್ದು, ಜಿಯೊಟ್ಯಾಗ್ ಹಾಕಿ ಅಪ್‌ಲೋಡ್ ಮಾಡಬಹುದಾದದ್ದು.

ಅಂಕದ ಆಸೆ ತೋರಿಸಿ ಸೇವೆ ಮಾಡಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಪುಣೆಯ ಪ್ರಸಂಗವೊಂದಿದೆ. 2011ರಲ್ಲಿ ವಿಕಿಮೀಡಿಯ ಪ್ರತಿಷ್ಠಾನ ಅಲ್ಲಿನ ಕೆಲವು ಕಾಲೇಜುಗಳೊಡನೆ ಸೇರಿ, ತರಗತಿಯ ಕೆಲಸವಾಗಿ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಸಲು ಹೊರಟಿತು. ಪಠ್ಯಪುಸ್ತಕಗಳಿಂದ, ಜಾಲತಾಣಗಳಿಂದ ಎತ್ತಿ ಹಾಕಿದ ಪುಟಗಳು ರಾಶಿ ರಾಶಿ ಬಂದು ಬಿದ್ದವು. ಜಗತ್ತಿನ ಮೂಲೆಮೂಲೆಯಲ್ಲಿ ಪುಕ್ಕಟೆ ದುಡಿಯುವ ಸಂಪಾದಕರು ತಮ್ಮ ಕೆಲಸ ಬಿಟ್ಟು ಆ ಕಸ ಗುಡಿಸುತ್ತ ಕೂತರು. ಯೋಜನೆ ಆ ವರ್ಷವೇ ನಿಂತಿತು. ಹುಡುಗರು ಕೆಟ್ಟವರೆಂದಲ್ಲ. ಅವರಿಗೆ ಬೇಕಿದ್ದದ್ದು ಇಂಟರ್ನಲ್ ಮಾರ್ಕ್ಸು, ವಿಕಿಪೀಡಿಯಕ್ಕೆ ಬೇಕಿದ್ದದ್ದು ಬೇರೆ. ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿದವರು ನಡುವೆ ಯಾರನ್ನೂ ಏನೂ ಕೇಳಿದಂತಿಲ್ಲ.

ಇಷ್ಟು ಹೇಳಿದ ಮೇಲೆ ಶಿಬಿರದ ಪರವಾಗಿ ನಾಲ್ಕು ಮಾತು ಆಡದಿದ್ದರೆ ಅನ್ಯಾಯವಾದೀತು. ಮನೆಯಿಂದ ಒಂದು ರಾತ್ರಿಯೂ ಹೊರಗಿರದ ಹುಡುಗಿಯರು ಶಾಲೆಯ ನೆಲದ ಮೇಲೆ ಜಮಖಾನ ಹಾಸಿ ಏಳು ರಾತ್ರಿ ಮಲಗುತ್ತಾರೆ. ಬೆಳಗಿನ ಪ್ರಭಾತ್ ಫೇರಿಯಲ್ಲಿ ಗಂಟಲು ಕಟ್ಟುವವರೆಗೆ ಕೂಗುತ್ತಾರೆ. ಮನೆಯಲ್ಲಿ ಲೋಟ ತೊಳೆಯದ ಗಂಡು ಐವತ್ತು ಜನರ ಅನ್ನದ ಹಂಡೆ ಉಜ್ಜುತ್ತಾನೆ. ಯಾವ ಕೇರಿಯವನು ಬಡಿಸಿದ, ಯಾವ ಕೇರಿಯವಳು ಉಂಡಳು ಎಂಬುದು ಮೂರನೇ ದಿನಕ್ಕೆ ಯಾರಿಗೂ ನೆನಪಿರುವುದಿಲ್ಲ. ಇದ್ದರೂ ಆಡುವ ಧೈರ್ಯ ಇರುವುದಿಲ್ಲ. ಕೊನೆಯ ರಾತ್ರಿಯ ಶಿಬಿರಾಗ್ನಿಯ ಸುತ್ತ ಅಳುವವರನ್ನು ನೋಡಿ ನಾನೂ ಕಣ್ಣೊರೆಸಿಕೊಂಡಿದ್ದೇನೆ. ಆದರೆ ಲಾಭ ಯಾರದಾಯಿತು? ಶಿಬಿರ ಬೆಳೆಸಿದ್ದು ನಮ್ಮ ಮಕ್ಕಳನ್ನು. ಊರಿನವರು ಅದಕ್ಕೆ ಜಾಗ, ನೀರು, ಒಂದೆರಡು ಮೂಟೆ ತರಕಾರಿ, ಏಳು ದಿನದ ತಾಳ್ಮೆ ಕೊಟ್ಟರು. ಸಮಾರೋಪದ ವೇದಿಕೆಯಲ್ಲಿ ನಾವು ಅವರಿಗೆ ಸೇವೆ ಮಾಡಿದೆವೆಂದು ಹೇಳಿ ಅವರಿಂದಲೇ ಚಪ್ಪಾಳೆ ತಟ್ಟಿಸಿಕೊಂಡೆವು.

ಎನ್‌ಎಸ್‌ಎಸ್ ಹುಟ್ಟುವ ಒಂದು ವರ್ಷ ಮೊದಲು, 1968ರ ಏಪ್ರಿಲಿನಲ್ಲಿ, ಇವಾನ್ ಇಲಿಚ್ ಎಂಬ ಪಾದ್ರಿ ಮೆಕ್ಸಿಕೊದಲ್ಲಿ ಒಂದು ಭಾಷಣ ಮಾಡಿದ. ಕೇಳುತ್ತಿದ್ದವರು ಬೇಸಿಗೆ ರಜೆಯಲ್ಲಿ ಅಲ್ಲಿನ ಬಡವರಿಗೆ ಸಹಾಯ ಮಾಡಲು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳು. ಅವರನ್ನು ಹುರಿದುಂಬಿಸಬೇಕಿದ್ದವನು ಊರಿಗೆ ಹಿಂತಿರುಗಿ ಎಂದು ಮುಖಕ್ಕೇ ಹೇಳಿದ. ಅವನ ವಾದವನ್ನು ಪೂರ್ತಿ ಒಪ್ಪಲು ನನಗಾಗುವುದಿಲ್ಲ, ಮೇಷ್ಟರಾದವನಿಗೆ ಅದು ತೀರ ಕಹಿ. ಆದರೆ ಅದರ ಒಂದು ಎಳೆ ಮಾತ್ರ ಬಿಡದೆ ಕಾಡುತ್ತದೆ: ಸೇವೆ ಮಾಡುವುದೇ ಆದರೆ, ‘ನಿನ್ನ ಸೇವೆ ಬೇಡ, ಹೋಗು’ ಎಂದು ನಿನಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬಲ್ಲವರ ನಡುವೆ ಮಾಡು. ನಮಗೂ ಹಳ್ಳಿಗೂ ಭಾಷೆಯ ಗೋಡೆಯೇನೂ ಇರಲಿಲ್ಲ. ಯಜಮಾನರು ಅಚ್ಚಕನ್ನಡದಲ್ಲೇ ಕೇಳಿದ್ದರು. ಆದರೂ ‘ಸುಣ್ಣ ಬೇಡ’ ಅನ್ನುವ ದಾರಿ ಅವರಿಗಿರಲಿಲ್ಲ. ಪಂಚಾಯ್ತಿಯವರು ಒಪ್ಪಿ, ಪತ್ರ ಕೊಟ್ಟು, ಉದ್ಘಾಟನೆಗೆ ಶಾಸಕರ ದಿನಾಂಕ ಗೊತ್ತಾಗಿತ್ತು.

ಹಾಗಾದರೆ ಹುಡುಗನೊಬ್ಬ ಯಾವುದನ್ನು ನೋಡಿ ಆರಿಸಬೇಕು? ಈಗ ಯಾರಾದರೂ ಸ್ಟಾಫ್ ರೂಮಿನ ಬಾಗಿಲಿಗೆ ಬಂದರೆ ನಾನು ತಿರುಗಿ ಕೇಳುವುದು ಒಂದೇ: ಎರಡನೇ ಸಲ ನೀನು ಹೋಗದಿದ್ದರೆ ಅಲ್ಲಿ ಯಾರಾದರೂ ಗಡಿಯಾರ ನೋಡ್ತಾರೇನಪ್ಪ? ಈ ಒಂದು ಒರೆಗಲ್ಲಿಗೆ ತಿಕ್ಕಿದರೆ ಕಾಲೇಜುಗಳಲ್ಲಿ ಚಾಲ್ತಿಯಲ್ಲಿರುವ ಸೇವೆಗಳ ಬಣ್ಣ ಒಂದೊಂದಾಗಿ ಕಾಣತೊಡಗುತ್ತದೆ.

ರಕ್ತದಾನವನ್ನೇ ತೆಗೆದುಕೊಳ್ಳಿ. ಸಂಶಯವಿಲ್ಲದೆ ಒಳ್ಳೆಯ ಕೆಲಸ, 18 ತುಂಬಿದ, 45 ಕಿಲೊ ತೂಗುವ ಆರೋಗ್ಯವಂತರು ಯಾರಾದರೂ ಮಾಡಬಹುದಾದದ್ದು. ಸೆಪ್ಟೆಂಬರ್ 24ರ ಎನ್‌ಎಸ್‌ಎಸ್ ದಿನ, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ಮರುದಿನ ಗಾಂಧಿ ಜಯಂತಿ. ಹೀಗೆ ಒಂದೇ ಹತ್ತು ದಿನದಲ್ಲಿ ಕಾಲೇಜು ಕಾಲೇಜಿನಲ್ಲಿ ಶಿಬಿರ, ಬಾಳೆಹಣ್ಣು, ಜ್ಯೂಸಿನ ಪೊಟ್ಟಣ, ಪ್ರಮಾಣಪತ್ರ ಹಿಡಿದು ಸಾಲಾಗಿ ನಿಂತ ಫೋಟೊ. ಕೆಂಪು ರಕ್ತಕಣ ಸಂಗ್ರಹದಲ್ಲಿ ಬಾಳುವುದು 35ರಿಂದ 42 ದಿನ. ಡೆಂಗಿ ರೋಗಿಗೆ ಬೇಕಾಗುವ ಪ್ಲೇಟ್‌ಲೆಟ್ಟಿನ ಆಯುಸ್ಸು ಐದೇ ದಿನ. ಸೆಪ್ಟೆಂಬರಿನ ಪುಣ್ಯ ಏಪ್ರಿಲಿಗೆ ಉಳಿಯುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಕಾಲೇಜಿಗೆ ಪರೀಕ್ಷೆ ಇಲ್ಲವೆ ರಜೆ, ಶಿಬಿರವಿಲ್ಲ, ರಕ್ತನಿಧಿಗಳ ಫ್ರಿಜ್ಜು ಬರಿದಾಗುವುದೂ ಆಗಲೇ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಅಂದಮೇಲೆ ಬ್ಯಾನರಿನ ಕೆಳಗೆ ಕೊಡುವುದಕ್ಕಿಂತ ಹತ್ತಿರದ ರಕ್ತನಿಧಿಯಲ್ಲಿ ಹೆಸರು, ಫೋನ್ ನಂಬರು ಬರೆಸಿ, ಮೇ ತಿಂಗಳ ಮಧ್ಯಾಹ್ನ ಕರೆ ಬಂದಾಗ ಬಿಸಿಲಲ್ಲಿ ಹೋಗಿಬರುವ ಹುಡುಗನ ತೂಕವೇ ಬೇರೆ. ಅವನ ಫೋಟೊ ತೆಗೆಯುವವರು ಯಾರೂ ಇರುವುದಿಲ್ಲ ಅನ್ನಿ.

ಇದೇ ಶಿಬಿರದಲ್ಲಿ ನಾವು ನೋಡಿಯೂ ನೋಡದ ಇನ್ನೊಂದು ಸಾಲಿದೆ. ಹಿಮೋಗ್ಲೋಬಿನ್ 12.5 ಮುಟ್ಟದೆ ವಾಪಸು ಬರುವ ಹುಡುಗಿಯರದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ರಕ್ತಹೀನರು. ನಮ್ಮ ಕಾಲೇಜಿನ ಹುಡುಗಿಯರು “ನಂದು ಒಂಬತ್ತಂತೆ ಕಣೇ” ಎಂದು ನಗುತ್ತ ಈಚೆ ಬಂದು ಕ್ಲಾಸಿಗೆ ಹೋಗುತ್ತಿದ್ದರು. ಆ ಚೀಟಿಗಳನ್ನು ಒಟ್ಟು ಮಾಡಿ, ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುವ ಕೆಲಸವನ್ನು ನಾಲ್ಕು ಸ್ವಯಂಸೇವಕರಿಗೆ ವಹಿಸಬಹುದಿತ್ತು ಎಂದು ನನಗೆ ಹೊಳೆದದ್ದು ಆ ಜವಾಬ್ದಾರಿ ಬಿಟ್ಟುಕೊಟ್ಟ ಮೇಲೆ.

ಗಿಡ ನೆಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆ.ಎಂ. ಮುನ್ಷಿ 1950ರಲ್ಲಿ ಶುರುಮಾಡಿದ ವನಮಹೋತ್ಸವ ಜುಲೈಯಲ್ಲಿ ಬರುತ್ತದೆ, ಮಳೆ ಇರುತ್ತದೆ, ಗುಂಡಿಯನ್ನು ಜೆಸಿಬಿ ತೆಗೆದಿರುತ್ತದೆ. ಗಿಡಕ್ಕೆ ಮನುಷ್ಯ ಬೇಕಾಗುವುದು ಮಾರ್ಚಿನಲ್ಲಿ. ಪ್ರತಿ ವನಮಹೋತ್ಸವದ ಬ್ಯಾನರಿನಲ್ಲೂ ಸಾಲುಮರದ ತಿಮ್ಮಕ್ಕನ ಚಿತ್ರ ಇರುತ್ತದೆ. ಹುಲಿಕಲ್–ಕುದೂರು ರಸ್ತೆಯ ಆಲಗಳಿಗೆ ಆಕೆ ಗಂಡನೊಡನೆ ಮೈಲುಗಟ್ಟಲೆ ಕೊಡದಲ್ಲಿ ನೀರು ಹೊತ್ತದ್ದು ಮಾತ್ರ ಕಾರ್ಯಕ್ರಮದ ಪಟ್ಟಿಯಲ್ಲಿ ಇರುವುದಿಲ್ಲ.

ಮಕ್ಕಳಿಗೆ ಪಾಠ ಹೇಳುವುದು ಇತ್ತೀಚೆಗೆ ಹೆಚ್ಚು ಜನಪ್ರಿಯ. ಶನಿವಾರ–ಭಾನುವಾರ ಸರ್ಕಾರಿ ಹಾಸ್ಟೆಲಿಗೋ ಅನಾಥಾಲಯಕ್ಕೋ ಹೋಗಿ ಇಂಗ್ಲಿಷು, ಲೆಕ್ಕ ಹೇಳಿಕೊಡುವುದು. ಒಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳು ಮೊದಲ ದಿನ ಹೋಗಿಬಂದು ಸಪ್ಪಗೆ ಕೂತಿದ್ದಳು. ಏನಮ್ಮ ಅಂದೆ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಇವಳ ಹೆಸರನ್ನೂ ಕೇಳದೆ, “ಅಕ್ಕ, ನೀವು ಎಷ್ಟು ವಾರ ಬರ್ತೀರ?” ಅಂದಳಂತೆ. ಹಿಂದಿನವರು ನಾಲ್ಕು ವಾರ, ಅದಕ್ಕೂ ಹಿಂದಿನವರು ಆರು. ಆ ಮಗುವಿಗೆ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ಇಲ್ಲಿ ಕಾಯುವವರು ಖಂಡಿತ ಇದ್ದಾರೆ, ಹಾಗಾಗಿಯೇ ಅರೆಮನಸ್ಸಿನಿಂದ ಹೋಗುವವರು ಹೋಗಕೂಡದ ಜಾಗವಿದು. ಒಂದು ಶೈಕ್ಷಣಿಕ ವರ್ಷ ಪೂರ್ತಿ ಬರಲಾಗದವನು ಮಕ್ಕಳ ಹತ್ತಿರ ಹೋಗದೆ ಆ ಹಾಸ್ಟೆಲಿನ ಲೈಬ್ರರಿ ಜೋಡಿಸಿಕೊಟ್ಟು ಬಂದರೆ ಸಾಕು. ಇನ್ನು ಅನಾಥಾಲಯದಲ್ಲಿ ಹುಟ್ಟುಹಬ್ಬದ ಕೇಕು ಕತ್ತರಿಸುವ ಚಾಳಿಯನ್ನು ಸೇವೆಯ ಲೆಕ್ಕದಿಂದಲೇ ತೆಗೆದುಬಿಡಬೇಕು. ಗುರುತಿಲ್ಲದವರಿಗೆ ವಾರಕ್ಕೆ ಮೂರು ಸಲ ಹ್ಯಾಪಿ ಬರ್ತ್‌ಡೇ ಹಾಡುವ ಕೆಲಸ ಆ ಮಕ್ಕಳಿಗೆ ಯಾಕೆ?

ನಾನು ಕಂಡ ಸೇವೆಗಳಲ್ಲಿ ಈ ಒರೆಗಲ್ಲಿನ ಮೇಲೆ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುವುದು, ಹಾಗಿದ್ದೂ ಯಾವ ಕಾಲೇಜಿನ ಬ್ಯಾನರಿನಲ್ಲೂ ಕಾಣದಿರುವುದು, ಅಂಧ ವಿದ್ಯಾರ್ಥಿಗಳಿಗೆ ಓದಿ ಹೇಳುವುದು ಮತ್ತು ಪರೀಕ್ಷೆ ಬರೆದುಕೊಡುವುದು. ಎಲ್ಲರೂ ಸ್ಕ್ರೈಬ್ ಎಂದೇ ಕರೆಯುತ್ತಾರೆ. ಕೂತು ಬರೆಯುವುದು ತಾನೆ, ಯಾರು ಬೇಕಾದರೂ ಮಾಡಿಯಾರು ಅನಿಸುತ್ತದೆ. ಮಾಡಿ ನೋಡಿದವರಿಗೆ ಗೊತ್ತು. ಮೂರು ಗಂಟೆಯ ಪರೀಕ್ಷೆಗೆ ಗಂಟೆಗೆ ಇಪ್ಪತ್ತು ನಿಮಿಷದಂತೆ ಹೆಚ್ಚುವರಿ ಸಮಯ ಸೇರಿ ನಾಲ್ಕು ಗಂಟೆ. ಅಷ್ಟೂ ಹೊತ್ತು ಇನ್ನೊಬ್ಬರ ಯೋಚನೆಗೆ ನೀವು ಬರಿಯ ಕೈ. ಅವರು ತಪ್ಪು ಇಸವಿ ಹೇಳಿದರೆ ತಪ್ಪನ್ನೇ ಬರೆಯಬೇಕು. ಗೊತ್ತಿರುವ ಉತ್ತರ ನಾಲಿಗೆಯ ತುದಿಗೆ ಬಂದರೂ ನುಂಗಬೇಕು. ಮುಖಭಾವ ಅವರಿಗೆ ಕಾಣದಿರಬಹುದು, ದನಿಯಲ್ಲಿನ ‘ಹೂಂ?’ ಮಾತ್ರ ಸುಳಿವಾಗಿಬಿಡುತ್ತದೆ, ಅದೂ ಕೂಡದು. ಪ್ರಶ್ನೆಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ನಿಧಾನವಾಗಿ ಓದಬೇಕು. ಇಪ್ಪತ್ತನೇ ನಿಮಿಷದಲ್ಲಿ ಅವರು ‘ಐದನೇ ಪ್ರಶ್ನೆಯ ಬಿ ಇನ್ನೊಂದು ಸಲ’ ಅಂದರೆ ಬೇಸರವಿಲ್ಲದೆ ಮತ್ತೆ ಓದಬೇಕು. ಕಾಮರ್ಸ್ ಪರೀಕ್ಷೆಯಾದರೆ ಖಾತೆಯ ಎಡಬಲ ಮನೆಗಳನ್ನು ಬಾಯಲ್ಲಿ ಹೇಳಿ, ಅವರು ಹೇಳಿದ ಅಂಕಿಯನ್ನು ಅದೇ ಮನೆಯಲ್ಲಿ ಕೂರಿಸಬೇಕು. ಕೈಬರಹ ಓದುವ ಹಾಗಿರಬೇಕೆನ್ನುವುದಂತೂ ಹೇಳಬೇಕಿಲ್ಲ. ಬರೆಯುವವರ ಅಕ್ಷರಕ್ಕೆ ಅಂಕ ಕಳೆದುಕೊಳ್ಳುವವರು ಬೇರೆಯವರು.

ಇದರಲ್ಲಿ ಆಯ್ಕೆಯ ಸೂಕ್ಷ್ಮವೂ ಒಂದಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ನಂತರ, 2018ರಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಭ್ಯರ್ಥಿ ತಾನೇ ಸ್ಕ್ರೈಬನ್ನು ಕರೆತಂದರೆ ಆ ವ್ಯಕ್ತಿಯ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದಿತ್ತು. ಎಂಎ ಓದುವ ಅಕ್ಕನ ಒಳ್ಳೆಯ ಮನಸ್ಸು ಬಿಎ ಹುಡುಗನ ಪರೀಕ್ಷೆಗೆ ಒದಗುವುದಿಲ್ಲ. ಪಿಯು ಮುಗಿಸಿ ಆಗಷ್ಟೇ ಪದವಿಗೆ ಕಾಲಿಟ್ಟ ಮೊದಲ ವರ್ಷದವರಿಗೆ ಇಲ್ಲಿ ಬೆಲೆ ಜಾಸ್ತಿ. ಬೇರೆಲ್ಲ ಕಡೆ ‘ನೀನಿನ್ನೂ ಚಿಕ್ಕವನು’ ಅನಿಸಿಕೊಳ್ಳುವವರನ್ನು ಇಲ್ಲಿ ಹುಡುಕಿಕೊಂಡು ಬರುತ್ತಾರೆ. ಪರೀಕ್ಷೆಯಿಂದ ಪರೀಕ್ಷೆಗೆ, ಕಾಲದಿಂದ ಕಾಲಕ್ಕೆ ನಿಯಮ ಸ್ವಲ್ಪ ಆಚೀಚೆ ಆಗುವುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು. ಒಂದೇ ತೊಡಕು, ಎಲ್ಲರ ಪರೀಕ್ಷೆಯೂ ಒಂದೇ ಕಾಲಕ್ಕೆ ಬರುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಹಾಲ್‌ಟಿಕೆಟ್ ಹಿಡಿದು ಗೇಟಿನ ಹತ್ತಿರ ನಿಂತು, ಬರುತ್ತೇನೆಂದು ಹಿಂದಿನ ರಾತ್ರಿ ಒಪ್ಪಿಕೊಂಡವನ ಫೋನು ಸ್ವಿಚ್ಡ್ ಆಫ್ ಆಗಿರುವುದನ್ನು ಕೇಳಿಸಿಕೊಳ್ಳುತ್ತಿದ್ದ ಒಬ್ಬ ಹುಡುಗನನ್ನು ನಾನು ನೋಡಿದ್ದೇನೆ. ಗಡಿಯಾರ ನೋಡುವುದೆಂದು ಮೇಲೆ ಬರೆದೆನಲ್ಲ, ಅವನಿಗೆ ಅದೂ ಇರಲಿಲ್ಲ. ಹೋಗಿಬರುವವರನ್ನೆಲ್ಲ “ಟೈಮೆಷ್ಟು?” ಎಂದು ಕೇಳುತ್ತಿದ್ದ.

ಯಾರನ್ನೂ ಮುಖತಃ ಕಾಣದೆ ಮಾಡುವ ಸೇವೆಯಲ್ಲೂ ಈ ಕಾಯುವಿಕೆ ಇರಬಹುದು. ಕನ್ನಡ ವಿಕಿಸೋರ್ಸ್ ಎಂಬ ಜಾಲತಾಣದಲ್ಲಿ ಹಳೆಯ ಪುಸ್ತಕದ ಪುಟವೊಂದನ್ನು ಯಂತ್ರ ಓದಿ ಇಟ್ಟಿರುತ್ತದೆ, ಒತ್ತಕ್ಷರ ಬಂದಲ್ಲೆಲ್ಲ ಎಡವಿರುತ್ತದೆ. ಒಬ್ಬರು ಮೂಲದೊಡನೆ ಹೋಲಿಸಿ ತಿದ್ದಿದರೆ ಆ ಪುಟ ಹಳದಿಯಾಗುತ್ತದೆ. ಇನ್ನೊಬ್ಬರು ಬಂದು ಮತ್ತೆ ನೋಡಿ ಒಪ್ಪಿದ ಮೇಲೆಯೇ ಹಸಿರು. ಬಸ್ಸಿನ ಖರ್ಚಿಲ್ಲ, ಬೇಕಾದಾಗ ಕೂತು ದಿನಕ್ಕೆ ಎರಡು ಪುಟ ಮಾಡಬಹುದು. ಹಾಗೆಯೇ ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ನಿಮ್ಮ ಹಾಸ್ಟೆಲ್ ಮುಂದಿನ ಹೊಂಗೆಯನ್ನೋ ಹುಣಸೆಯನ್ನೋ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಎಷ್ಟಿದೆಯೆಂದು ದಾಖಲಿಸಬೇಕು, ಐದು ನಿಮಿಷದ ಕೆಲಸ. ಋತುಮಾನ ಹೇಗೆ ಜರುಗುತ್ತಿದೆ ಎಂದು ಅಳೆಯುವವರಿಗೆ ಬೇಕಿರುವುದು ಆ ಎಡೆಬಿಡದ ವಾರಗಳು. ಒಂದೇ ದಿನ ನೂರು ಮರ ನೋಡಿಬಂದರೆ ಪ್ರಯೋಜನ ಕಡಿಮೆ. ಬಾಟನಿ ಓದುವವರು ಇದನ್ನು ಬಿಟ್ಟು ರ‍್ಯಾಲಿಯಲ್ಲಿ ಪ್ಲಕಾರ್ಡ್ ಹಿಡಿಯಲು ಹೋಗುವುದು ನನಗಂತೂ ಒಗಟು.

ಓದುವ ವಿಷಯಕ್ಕೂ ಮಾಡುವ ಸೇವೆಗೂ ನಂಟಿದ್ದರೆ ಅದು ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಮೈಸೂರು ಪಕ್ಕದಲ್ಲೇ ಸಾಕ್ಷಿ ಇದೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರುಮಾಡಿದರು. ಆರಂಭ ಸಣ್ಣದು, ವೈದ್ಯರಿಗೆ ಕಂಪನಿಗಳು ಕೊಡುವ ಸ್ಯಾಂಪಲ್ ಔಷಧಿಗಳನ್ನು ಒಟ್ಟುಮಾಡಿ ಬಡರೋಗಿಗಳಿಗೆ ಮುಟ್ಟಿಸುವುದು, ರಕ್ತ ಹೊಂದಿಸಿಕೊಡುವುದು. ವೈದ್ಯಕೀಯ ವಿದ್ಯಾರ್ಥಿಗಳ ಕೈಗೆ ಎಟುಕುವ, ಬೇರೆಯವರಿಗೆ ಎಟುಕದ ಕೆಲಸ. ಆಮೇಲೆ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ, ನೆಲೆ ಕಳೆದುಕೊಂಡ ಆದಿವಾಸಿಗಳ ಹಾಡಿಗಳ ನಡುವೆ, ಅದು ಆಸ್ಪತ್ರೆಯಾಯಿತು, ಶಾಲೆಯಾಯಿತು. ಎಲ್ಲರೂ ಹೀಗೇ ಆಗಬೇಕೆಂದು ನಾನು ಹೇಳಲಾರೆ, ಆಗುವುದೂ ಇಲ್ಲ. ಆದರೆ ಮೊದಲ ಹೆಜ್ಜೆಯಲ್ಲಿ ಅವರು ಸುಣ್ಣದ ಬ್ರಷ್ಷು ಹಿಡಿಯಲಿಲ್ಲವೆಂಬುದನ್ನು ಗಮನಿಸಬೇಕು.

ಒಂದು ಮಾತನ್ನು ಮಾತ್ರ ಹೇಳದೆ ಮುಂದೆ ಹೋಗಲಾಗದು. ಸೇವೆ ಮಾಡಲು ಬಿಡುವು ಬೇಕು, ಬಿಡುವು ಎಲ್ಲರಿಗೂ ಸಿಕ್ಕುವ ವಸ್ತುವಲ್ಲ. ನಮ್ಮ ಕಾಲೇಜಿನ ಗಂಡುಹುಡುಗರಲ್ಲಿ ಬಹಳ ಮಂದಿ ಶನಿವಾರ–ಭಾನುವಾರ ಕೇಟರಿಂಗಿಗೆ ಹೋಗಿ ಮದುವೆಮನೆಯಲ್ಲಿ ಬಡಿಸುತ್ತಿದ್ದರು. ಆ ದುಡ್ಡಿನಲ್ಲೇ ಬಸ್ ಪಾಸು, ಪರೀಕ್ಷೆ ಫೀಸು. ಅಜ್ಜಿಯನ್ನು ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆ ಕರೆದುಕೊಂಡು ಹೋಗುತ್ತಿದ್ದ ಒಬ್ಬಳು ನನ್ನ ಘಟಕದಲ್ಲಿದ್ದಳು. ಅವಳ ಎನ್‌ಎಸ್‌ಎಸ್ ಡೈರಿ ಖಾಲಿ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳು ಪಕ್ಕದ ರೋಗಿಗಳ ಫಾರ್ಮುಗಳನ್ನೂ ತುಂಬಿಕೊಡುತ್ತಿದ್ದಳೆಂದು ಎಷ್ಟೋ ದಿನದ ಮೇಲೆ ತಿಳಿಯಿತು. 120 ಗಂಟೆಯ ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಎರಡನೇ ವರ್ಷ ಅವಳ ಹೆಸರನ್ನು ಪಟ್ಟಿಯಿಂದ ಕೈಬಿಟ್ಟವನು ನಾನೇ. ‘ಸರ್ಟಿಫಿಕೇಟ್ ಕೊಡ್ತಾರಾ’ ಎಂದು ಕೇಳುವವರ ಬಗ್ಗೆ ಮೂಗು ಮುರಿಯುವ ಮುನ್ನ ನಾನು ಅವಳನ್ನು ನೆನೆಸಿಕೊಳ್ಳುತ್ತೇನೆ. ಅಪ್ಪ ಅಮ್ಮನ ಹೆಸರಿನಿಂದ ಯಾವ ಬಾಗಿಲೂ ತೆರೆಯದ ಮನೆಯ ಹುಡುಗನಿಗೆ ಆ ಕಾಗದ ಒಂದು ಆಸರೆ. ಕೇಳಲಿ. ಕೊಡೋಣ. ಎರಡನೇ ಸಲ ಹೋದವನಿಗೆ ಕೊಡೋಣ ಅಂತಷ್ಟೇ ನನ್ನ ಹಟ.

ಸುಣ್ಣದ ಊರಿನ ಕತೆ ಅಲ್ಲಿಗೇ ಮುಗಿಯಲಿಲ್ಲ. ಆ ಶಿಬಿರದ ಐದನೇ ದಿನ ಇಬ್ಬರು ಹುಡುಗರು ಶ್ರಮದಾನ ತಪ್ಪಿಸಿಕೊಂಡು ಅರಳಿಕಟ್ಟೆಯ ಮೇಲೆ ಕೂತಿದ್ದರು. ಗದರಿಸೋಣವೆಂದು ಹೋದೆ. ಯಜಮಾನರ ಸಂಧ್ಯಾ ಸುರಕ್ಷಾ ಪಿಂಚಣಿ ನಾಲ್ಕು ತಿಂಗಳಿಂದ ನಿಂತಿತ್ತು. ಆಧಾರಿನಲ್ಲಿ ಒಂದು ಹೆಸರು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ದುಡಿದು ಸವೆದ ಬೆರಳಿಗೆ ಯಂತ್ರದಲ್ಲಿ ಗುರುತು ಬೀಳುತ್ತಿರಲಿಲ್ಲ. ಹುಡುಗರು ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ಹರಡಿಕೊಂಡು ಯಾವುದು ಎಲ್ಲಿ ತಪ್ಪಿದೆ ಎಂದು ಪಟ್ಟಿ ಮಾಡುತ್ತಿದ್ದರು. ಸುತ್ತ ಇನ್ನೂ ಏಳೆಂಟು ಜನ, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಕವರು. ಶಿಬಿರ ಮುಗಿದ ಮೇಲೆ ಆ ಇಬ್ಬರೂ ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಅಲ್ಲಿಗೆ ಹೋಗತೊಡಗಿದರು. ನಾಡಕಚೇರಿಗೆ ಜೊತೆಯಲ್ಲಿ ಹೋಗಿ ಅರ್ಜಿ ಕೊಡುವುದು, ಪಹಣಿ ತೆಗೆಸುವುದು, ಬ್ಯಾಂಕಿನಲ್ಲಿ ಸಾಲು ನಿಲ್ಲುವುದು. ನಾನು ಹೇಳಿಕಳಿಸಿದ್ದಲ್ಲ. ಡೈರಿಯಲ್ಲಿ ಅವರು ಬರೆದದ್ದೂ ಇಲ್ಲ.

ಮುಂದಿನ ಮೇ ತಿಂಗಳಲ್ಲಿ ಒಂದು ದಿನ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

“ನಾನು ಸಾ, ಅರಳಿಕಟ್ಟೆಯೋನು. ನಿಮ್ ಹೈಕ್ಳು ಎರಡು ಶುಕ್ರವಾರದಿಂದ ಬಂದಿಲ್ವಲ್ಲ, ಹುಷಾರಾಗವ್ರಾ?”

ಪರೀಕ್ಷೆ ನಡೀತಿದೆ ಯಜಮಾನ್ರೇ, ಅಂದೆ.

“ಓ, ಪರೀಕ್ಸೆಯಾ. ಆಗ್ಲಿ ಆಗ್ಲಿ, ಚೆಂದಾಗಿ ಬರೀಲಿ. ಮುಗುದ್ಮೇಲೆ ಕಳ್ಸಿ ಸಾ. ಇಲ್ಲಿ ಮೂರು ಜನ ಕವರ್ ಇಟ್ಕಂಡು ಕೂತವ್ರೆ.”